ಒಂದು ಗಂಟೆ, ನಾಲ್ಕು ಗಂಟೆ: ಅನಿಲದ ವಿಷತ್ವವನ್ನು ಲೆಕ್ಕ ಹಾಕುವ ಯೋಜನೆಯ ಪ್ರಗತಿ

ಮೊದಲ ವಾರ

ಕೈಗಾರಿಕಾ ಅನಿಲವೊಂದನ್ನು ಒಮ್ಮೆ, ಕೆಲವೇ ಗಂಟೆಗಳ ಕಾಲ ಉಸಿರಾಡಿದರೆ ಜೀವಕ್ಕೆ ಎಷ್ಟು ಅಪಾಯವಿದೆ ಎಂಬುದನ್ನು ತೀವ್ರ ಉಸಿರಾಟ ವಿಷತ್ವ ಪರೀಕ್ಷೆಯು ಹೇಳುತ್ತದೆ. ಪ್ರಯೋಗಾಲಯದ ಕೆಲಸ ನನ್ನದಲ್ಲ. ಈಗಾಗಲೇ ಪ್ರಕಟವಾಗಿರುವ ಅಂಕಿಗಳನ್ನು ತೆಗೆದುಕೊಂಡು, ಅವುಗಳಿಂದ ಸಿಲಿಂಡರಿನ ಮೇಲಿನ ಅಪಾಯದ ವರ್ಗ ಹೇಗೆ ಹುಟ್ಟುತ್ತದೆ ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ತೋರಿಸುವ ಸ್ಪ್ರೆಡ್‌ಶೀಟ್ ಒಂದನ್ನು ಕಟ್ಟುವುದಷ್ಟೇ ನನ್ನ ಯೋಜನೆ.

ಇದಕ್ಕೆ ಕಾರಣವಾದದ್ದು ಅಮೋನಿಯ. ಅಪಾಯಕಾರಿ ಸರಕುಗಳ ಸಾಗಣೆ ನಿಯಮಗಳ ಕೋಷ್ಟಕದಲ್ಲಿ ಅದರ ಎಲ್‌ಸಿ50, ಅಂದರೆ ಪರೀಕ್ಷೆಗೊಳಗಾದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಸಾಂದ್ರತೆ, 4000 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅನಿಲದ ಪಾಲು) ಎಂದಿದೆ. ಹಲವು ಸುರಕ್ಷತಾ ಮಾಹಿತಿ ಪತ್ರಗಳಲ್ಲಿ 7338 ಪಿಪಿಎಂ ಎಂದಿದೆ. ಎರಡೂ ಒಂದು ಗಂಟೆಯ ಅಂಕಿಗಳೇ. ರಾಸಾಯನಿಕಗಳನ್ನು ಅಪಾಯಕ್ಕೆ ತಕ್ಕಂತೆ ವಿಂಗಡಿಸುವ ವಿಶ್ವಸಂಸ್ಥೆಯ ಜಿಎಚ್‌ಎಸ್ ಪದ್ಧತಿ ವರ್ಗ ನಿರ್ಧರಿಸುವುದಾದರೂ ನಾಲ್ಕು ಗಂಟೆಯ ಅಂಕಿಯ ಮೇಲೆ: 100 ಪಿಪಿಎಂ ವರೆಗೆ ಅತಿ ಅಪಾಯದ ಮೊದಲ ವರ್ಗ, 500ರ ವರೆಗೆ ಎರಡನೆಯದು, 2500ರ ವರೆಗೆ ಮೂರನೆಯದು, 20000ದ ವರೆಗೆ ನಾಲ್ಕನೆಯದು. ಅನಿಲಗಳಿಗೆ ಒಂದು ಗಂಟೆಯ ಅಂಕಿಯನ್ನು 2ರಿಂದ ಭಾಗಿಸಿ ನಾಲ್ಕು ಗಂಟೆಗೆ ಹೊಂದಿಸಬೇಕು. ಹಾಗೆ ಮಾಡಿದರೆ ಮೊದಲ ಅಂಕಿ 2000 ಆಗಿ ಮೂರನೆಯ ವರ್ಗಕ್ಕೆ ಬೀಳುತ್ತದೆ. ಎರಡನೆಯದು 3669 ಆಗಿ ನಾಲ್ಕನೆಯ ವರ್ಗಕ್ಕೆ ಹೋಗುತ್ತದೆ. ಅನಿಲ ಒಂದೇ ಆಗಿದ್ದರೂ ವರ್ಗ ಎರಡಾಯಿತು. ಈ ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಕಾಣುವ ತನಕ ಬೇರೆ ಯಾವ ಅನಿಲವನ್ನೂ ಸೇರಿಸಬಾರದೆಂದು ನಿಶ್ಚಯಿಸಿದೆ.

ಎರಡನೆಯ ವಾರ

ಇಡೀ ವಾರ ಆ ‘2ರಿಂದ ಭಾಗಿಸು’ ಎಂಬ ಸೂಚನೆಯ ಮೇಲೆಯೇ ಕಳೆಯಿತು. ಸಾಂದ್ರತೆಯನ್ನು ಸಮಯದಿಂದ ಗುಣಿಸಿದರೆ ಬರುವ ಗುಣಲಬ್ಧ ಸ್ಥಿರವೆಂದು ಹೇಳುವ ಹೇಬರ್ ನಿಯಮದ ಪ್ರಕಾರವಾದರೆ ನಾಲ್ಕು ಪಟ್ಟು ಸಮಯಕ್ಕೆ ನಾಲ್ಕರಿಂದಲೇ ಭಾಗಿಸಬೇಕು, ಮತ್ತು ಧೂಳು ಹಾಗೂ ತುಂತುರುಗಳಿಗೆ ಜಿಎಚ್‌ಎಸ್ ಹೇಳುವುದೂ ಅದನ್ನೇ. ಅನಿಲಕ್ಕೆ ಏಕೆ ಎರಡು? ಟೆನ್ ಬರ್ಗೆ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದಂತೆ ಸಾಂದ್ರತೆಗೆ ಒಂದು ಘಾತವನ್ನು ಕೊಟ್ಟು, ಆ ಘಾತಸಂಖ್ಯೆಯನ್ನು 2 ಎಂದಿಟ್ಟುಕೊಂಡರೆ, ಭಾಜಕವು 4ರ ವರ್ಗಮೂಲವಾದ 2 ಆಗುತ್ತದೆ. ಅಂದರೆ ಸರಳವಾಗಿ ಕಾಣುವ ಆ ಭಾಜಕದೊಳಗೆ ಎಲ್ಲ ಅನಿಲಗಳ ಘಾತಸಂಖ್ಯೆಯೂ 2 ಎಂಬ ಊಹೆ ಅಡಗಿದೆ.

ಇದನ್ನು ತಾಳೆ ನೋಡಲು ಅಮೆರಿಕದ ಎಇಜಿಎಲ್ ಮೌಲ್ಯಗಳು ನೆರವಾದವು. ಅಪಘಾತದ ಸಂದರ್ಭಕ್ಕಾಗಿ ರೂಪಿಸಿದ ಈ ಮಿತಿಗಳಲ್ಲಿ, ಜೀವಾಪಾಯದ ಹಂತವಾದ ಮೂರನೆಯ ಮಟ್ಟವು ಅಮೋನಿಯಕ್ಕೆ ಒಂದು ಗಂಟೆಗೆ 1100 ಪಿಪಿಎಂ, ನಾಲ್ಕು ಗಂಟೆಗೆ 550. ಸರಿಯಾಗಿ ಅರ್ಧ. ಹೈಡ್ರೋಜನ್ ಕ್ಲೋರೈಡಿಗೆ ಅದೇ ಮಟ್ಟ ಒಂದು ಗಂಟೆಗೆ 100, ನಾಲ್ಕು ಗಂಟೆಗೆ 26. ಇಲ್ಲಿ ಘಾತಸಂಖ್ಯೆ 1, ಭಾಜಕ ಹೆಚ್ಚುಕಡಿಮೆ 4. ಈ ಎರಡು ಸಾಲುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗಾದ ಸಂತೋಷ ಸಣ್ಣದಲ್ಲ. ಸಾಗಣೆ ಕೋಷ್ಟಕದಲ್ಲಿ ಹೈಡ್ರೋಜನ್ ಕ್ಲೋರೈಡಿಗಿರುವ 2810 ಪಿಪಿಎಂ ಅನ್ನು 2ರಿಂದ ಭಾಗಿಸಿದರೆ 1405, 4ರಿಂದ ಭಾಗಿಸಿದರೆ ಸುಮಾರು 700. ಅದೃಷ್ಟವಶಾತ್ ಎರಡೂ ಮೂರನೆಯ ವರ್ಗದಲ್ಲೇ ಇವೆ, ಆದರೆ ಮಿಶ್ರಣದ ಲೆಕ್ಕದಲ್ಲಿ ಆ ಅಂತರ ಮತ್ತೆ ತಲೆಯೆತ್ತುತ್ತದೆ. ಆದ್ದರಿಂದ ಘಾತಸಂಖ್ಯೆಗೆ ಪ್ರತ್ಯೇಕ ಕೋಶವನ್ನು ಕೊಟ್ಟಿದ್ದೇನೆ. ಬಳಸುವವರು ಅದನ್ನು ತುಂಬದೆ ಹಾಳೆ ಮುಂದುವರಿಯುವುದಿಲ್ಲ.

ಮೂರನೆಯ ವಾರ

ಪರೀಕ್ಷಾ ಕೋಣೆಯ ಭಾಗ ಬೇಗ ಮುಗಿಯಿತು. 1981ರಲ್ಲಿ ಬಂದು 2009ರಲ್ಲಿ ಪರಿಷ್ಕೃತವಾದ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ 403ನೆಯ ಪರೀಕ್ಷಾ ಮಾರ್ಗಸೂಚಿಯಂತೆ ಇಲಿಗಳು ನಾಲ್ಕು ಗಂಟೆ ಅನಿಲಕ್ಕೆ ಒಡ್ಡಿಕೊಳ್ಳುತ್ತವೆ, ಆಮೇಲೆ 14 ದಿನ ಅವುಗಳ ಮೇಲೆ ನಿಗಾ ಇರುತ್ತದೆ. ಕೋಣೆಯಲ್ಲಿ ಆಮ್ಲಜನಕ ಶೇ. 19ಕ್ಕಿಂತ ಕೆಳಗಿಳಿಯಬಾರದು, ಅನಿಲದ ಸಾಂದ್ರತೆ ಸರಾಸರಿಯಿಂದ ಶೇ. 10ಕ್ಕಿಂತ ಹೆಚ್ಚು ಏರುಪೇರಾಗಬಾರದು. ನಾಲ್ಕು ಗಂಟೆಯ ಎಣಿಕೆ ಶುರುವಾಗುವುದು ಸಾಂದ್ರತೆ ಸ್ಥಿರಗೊಂಡ ನಂತರವೇ. 300 ಲೀಟರಿನ ಕೋಣೆಗೆ ನಿಮಿಷಕ್ಕೆ 50 ಲೀಟರ್ ಗಾಳಿ ಹರಿಸಿದರೆ, ಗುರಿಯ ಶೇ. 95ನ್ನು ತಲುಪಲು ಸುಮಾರು 18 ನಿಮಿಷ ಬೇಕೆಂದು ಹಾಳೆ ತೋರಿಸುತ್ತದೆ. ನಾಲ್ಕು ಗಂಟೆಯ ಒಡ್ಡುವಿಕೆಯಲ್ಲಿ 18 ನಿಮಿಷ ಹೆಚ್ಚಲ್ಲ. ಒಂದು ಗಂಟೆಯ ಪರೀಕ್ಷೆಯಲ್ಲಿ ಅದನ್ನು ಎಣಿಕೆಯೊಳಗೆ ಸೇರಿಸಿದ್ದರೋ ಬಿಟ್ಟಿದ್ದರೋ ಎಂಬುದು ಫಲಿತಾಂಶವನ್ನೇ ಕದಲಿಸಬಲ್ಲದು.

ನಾಲ್ಕನೆಯ ವಾರ

ಈ ಯೋಜನೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ವಾರವಿದು. ಸಾವಿನ ಪ್ರಮಾಣಗಳಿಂದ ಎಲ್‌ಸಿ50 ಅನ್ನು ಅಂದಾಜಿಸುವ ಸ್ಪಿಯರ್‌ಮನ್–ಕಾರ್ಬರ್ ವಿಧಾನವನ್ನು ಪರೀಕ್ಷಿಸಲು ನಾನೇ ಕೆಲವು ಕಾಲ್ಪನಿಕ ಅಂಕಿಗಳನ್ನು ಮಾಡಿಕೊಂಡೆ. ಸಾಂದ್ರತೆಗಳು 500, 1000, 2000, 4000 ಮತ್ತು 8000 ಪಿಪಿಎಂ. ಪ್ರತಿ ಗುಂಪಿನಲ್ಲಿ ಹತ್ತು ಇಲಿಗಳು. ಸಾವುಗಳು ಕ್ರಮವಾಗಿ 0, 2, 5, 8 ಮತ್ತು 10. ಎಲ್‌ಸಿ50 ನಿರೀಕ್ಷೆಯಂತೆ 2000 ಬಂದಿತು. ಆದರೆ ಶೇ. 95ರ ವಿಶ್ವಾಸ ವ್ಯಾಪ್ತಿಯು, ಅಂದರೆ ನಿಜವಾದ ಬೆಲೆ ಇರಬಹುದಾದ ಅಂತರವು, ಸುಮಾರು 1420ರಿಂದ 2815ರ ವರೆಗೆ ಹರಡಿಕೊಂಡಿತು. ಮೂರನೆಯ ಮತ್ತು ನಾಲ್ಕನೆಯ ವರ್ಗಗಳ ನಡುವಿನ 2500ರ ಗೆರೆ ಅದರೊಳಗೇ ಇದೆ. ಪ್ರತಿ ಗುಂಪಿನ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿ, ಸಾವಿನ ಪ್ರಮಾಣವನ್ನು ಹಾಗೆಯೇ ಇಟ್ಟು, ಮತ್ತೆ ಲೆಕ್ಕ ಹಾಕಿದೆ: 1581ರಿಂದ 2531. ಐವತ್ತರ ಬದಲು ನೂರು ಪ್ರಾಣಿಗಳನ್ನು ಬಲಿಕೊಟ್ಟರೂ ಗೆರೆ ಇನ್ನೂ ವ್ಯಾಪ್ತಿಯೊಳಗೇ ಉಳಿಯಿತು.

ಕಾಗದದ ಮೇಲಿನ ಇಲಿಗಳಾದರೂ ಆ ಉತ್ತರ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ನಮಗೆ ಬೇಕಿರುವುದು ವರ್ಗವೊಂದೇ ಆಗಿದ್ದರೆ, ನಿಖರವಾಗಿ ಸಿಗದ ಒಂದು ಸಂಖ್ಯೆಗಾಗಿ ಇಷ್ಟು ಜೀವಗಳನ್ನು ತೆಗೆಯುವುದಕ್ಕೆ ಸಮರ್ಥನೆಯಿಲ್ಲವೆಂದೇ ನಾನು ನಂಬುತ್ತೇನೆ. 2009ರಲ್ಲಿ ಬಂದ 436ನೆಯ ಮಾರ್ಗಸೂಚಿ ಈ ದಿಕ್ಕಿನ ಹೆಜ್ಜೆ: ಅದು ವರ್ಗಗಳ ಗೆರೆಗಳನ್ನೇ ಪರೀಕ್ಷಾ ಸಾಂದ್ರತೆಗಳನ್ನಾಗಿ ಇಟ್ಟುಕೊಂಡು, ಪ್ರತಿ ಹಂತದಲ್ಲಿ ಮೂರು ಗಂಡು, ಮೂರು ಹೆಣ್ಣು ಇಲಿಗಳಿಂದ ನಿರ್ಧಾರಕ್ಕೆ ಬರುತ್ತದೆ. 2017ರಲ್ಲಿ ಅಂಗೀಕೃತವಾದ 433ನೆಯ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಸಾವನ್ನು ಕಾಯದೆ, ವಿಷದ ಸ್ಪಷ್ಟ ಲಕ್ಷಣಗಳನ್ನೇ ಅಳತೆಗೋಲಾಗಿ ತೆಗೆದುಕೊಂಡಿತು. ನನ್ನ ಹಾಳೆಯಲ್ಲಿ ಎಲ್‌ಸಿ50 ಇನ್ನು ಮುಂದೆ ಒಂಟಿ ಸಂಖ್ಯೆಯಾಗಿ ಕಾಣಿಸುವುದಿಲ್ಲ. ಒಡ್ಡಿದ ಅವಧಿ ಮತ್ತು ವಿಶ್ವಾಸ ವ್ಯಾಪ್ತಿ ಎರಡೂ ಅದರ ಜೊತೆಗೇ ಇರುತ್ತವೆ, ಮತ್ತು ವ್ಯಾಪ್ತಿಯು ವರ್ಗದ ಗೆರೆಯನ್ನು ದಾಟಿದರೆ ಆ ಸಾಲು ಕೆಂಪಾಗುತ್ತದೆ.

ಐದನೆಯ ವಾರ

ಮಿಶ್ರಣಗಳ ಸೂತ್ರವನ್ನು ಸೇರಿಸಿದೆ. ಪ್ರತಿ ಘಟಕದ ಶೇಕಡಾ ಪಾಲನ್ನು ಅದರ ವಿಷತ್ವದ ಅಂದಾಜಿನಿಂದ (ಇಲ್ಲಿ ನಾಲ್ಕು ಗಂಟೆಯ ಎಲ್‌ಸಿ50) ಭಾಗಿಸಿ, ಎಲ್ಲವನ್ನೂ ಕೂಡಿ, ಆ ಮೊತ್ತದಿಂದ 100ನ್ನು ಭಾಗಿಸಿದರೆ ಮಿಶ್ರಣದ ಅಂದಾಜು ಸಿಗುತ್ತದೆ. ಸಾರಜನಕದಲ್ಲಿ ಶೇ. 10 ಅಮೋನಿಯವಿರುವ ಮಿಶ್ರಣವನ್ನು ಆರಿಸಿಕೊಂಡೆ. 2000ವನ್ನು ಬಳಸಿದರೆ ಉತ್ತರ 20000, ನಾಲ್ಕನೆಯ ವರ್ಗದ ಕಟ್ಟಕಡೆಯ ಅಂಚು. 3669ನ್ನು ಬಳಸಿದರೆ 36690, ಅಂದರೆ ತೀವ್ರ ವಿಷತ್ವದ ಯಾವ ವರ್ಗವೂ ಇಲ್ಲ. ಮೊದಲ ವಾರದ ವ್ಯತ್ಯಾಸ ಇಲ್ಲಿಗೆ ಬಂದು ಮುಟ್ಟಿತು. ಎರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಅಳಿಸುವ ಬದಲು ಎರಡನ್ನೂ ಹಾಳೆಯಲ್ಲಿ ಉಳಿಸಿಕೊಂಡು, ಹೆಚ್ಚು ಎಚ್ಚರಿಕೆಯ ಉತ್ತರವನ್ನು ಮೇಲೆ ಇಟ್ಟಿದ್ದೇನೆ.

ಅದೇ ಮಿಶ್ರಣ ಇನ್ನೊಂದು ಕೊರತೆಯನ್ನು ತೋರಿಸಿಕೊಟ್ಟಿತು. ಅದರ ಶೇ. 90 ಭಾಗ ಸಾರಜನಕ. ಆಮ್ಲಜನಕ ಅದರಲ್ಲಿ ಇಲ್ಲವೇ ಇಲ್ಲ. ಮುಚ್ಚಿದ ಜಾಗದಲ್ಲಿ ಅದು ಸೋರಿ ತುಂಬಿಕೊಂಡರೆ ಉಸಿರುಗಟ್ಟುವಿಕೆಯೇ ಪ್ರಾಣ ತೆಗೆಯಬಲ್ಲದು, ಆದರೆ ವಿಷತ್ವದ ಸೂತ್ರಕ್ಕೆ ಸಾರಜನಕವು ಲೆಕ್ಕಕ್ಕೇ ಬರದ ಘಟಕ. ಹಾಗಾಗಿ ‘ವರ್ಗವಿಲ್ಲ’ ಎಂಬ ಉತ್ತರ ಬರುವ ಪ್ರತಿ ಸಾಲಿನ ಪಕ್ಕದಲ್ಲಿ, ಆ ಮಿಶ್ರಣ ಕೋಣೆಯ ಗಾಳಿಗೆ ಎಷ್ಟು ಪಾಲು ಸೇರಿದರೆ ಆಮ್ಲಜನಕ ಶೇ. 19ಕ್ಕೆ ಇಳಿಯುತ್ತದೆ ಎಂಬುದನ್ನು ಹೇಳುವ ಹೊಸ ಕೋಶವನ್ನು ತೆರೆದಿದ್ದೇನೆ. ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುವುದರಿಂದ, ಹತ್ತರಲ್ಲಿ ಒಂದು ಪಾಲು ಸೇರುವ ಮೊದಲೇ ಅದು ಆ ಮಟ್ಟವನ್ನು ಮುಟ್ಟುತ್ತದೆ.