ಒಂದು ರೆಕಾರ್ಡಿನ ನಾಯಕ, ಇನ್ನೊಂದರ ಸಹವಾದಕ: ಡಾರ್ಹಮ್ ಮತ್ತು ಹೆಂಡರ್ಸನ್

1963ರ ಏಪ್ರಿಲ್ 1ರಂದು ನ್ಯೂ ಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿದ್ದ ಧ್ವನಿಮುದ್ರಣ ತಜ್ಞ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊದಲ್ಲಿ ಜಾಝ್ ಟ್ರಂಪೆಟ್ ವಾದಕ ಕೆನ್ನಿ ಡಾರ್ಹಮ್ ತಮ್ಮ ‘ಊನಾ ಮಾಸ್’ ರೆಕಾರ್ಡನ್ನು ಧ್ವನಿಮುದ್ರಿಸಿದರು. ಅದರಲ್ಲಿ ಟೆನರ್ ಸ್ಯಾಕ್ಸೊಫೋನ್ ನುಡಿಸಿದ ಜೋ ಹೆಂಡರ್ಸನ್, ಸೈನ್ಯದ ಸೇವೆ ಮುಗಿಸಿ ಹೆಚ್ಚು ಕಾಲವಾಗಿರದ 25 ವರ್ಷದ ತರುಣ. ಎರಡು ತಿಂಗಳು ಕಳೆದು, ಜೂನ್ 3ರಂದು, ಅದೇ ಸ್ಟುಡಿಯೊದಲ್ಲಿ ಅದೇ ಬ್ಲೂ ನೋಟ್ ರೆಕಾರ್ಡ್ ಸಂಸ್ಥೆಗಾಗಿ ಹೆಂಡರ್ಸನ್ ತಮ್ಮ ಹೆಸರಿನ ಮೊದಲ ರೆಕಾರ್ಡಾದ ‘ಪೇಜ್ ಒನ್’ ಮಾಡಿದಾಗ, ಟ್ರಂಪೆಟ್ ಹಿಡಿದು ಪಕ್ಕದಲ್ಲಿ ನಿಂತವರು ಡಾರ್ಹಮ್.

ಈ ಎರಡು ರೆಕಾರ್ಡುಗಳನ್ನು ಬೆನ್ನುಬೆನ್ನಿಗೆ ಕೇಳಿದರೆ, ನಾಯಕನಾಗುವುದೂ ಸಹವಾದಕನಾಗುವುದೂ ಮೇಲು-ಕೀಳಿನ ಪದವಿಗಳಲ್ಲವೆಂದೂ, ಒಬ್ಬನೇ ಕಲಾವಿದನಲ್ಲಿ ಬೇರೆ ಬೇರೆ ಗುಣಗಳನ್ನು ಹೊರಡಿಸುವ ಎರಡು ಸನ್ನಿವೇಶಗಳೆಂದೂ ನನಗೆ ತೋರುತ್ತದೆ. ‘ಪೇಜ್ ಒನ್’ ಆರಂಭವಾಗುವುದು ಡಾರ್ಹಮ್ ರಚಿಸಿದ ‘ಬ್ಲೂ ಬೋಸಾ’ದಿಂದ, ಅದರಲ್ಲಿ ಮೊದಲ ಸೋಲೊ (ಒಬ್ಬರೇ ಮುಂದಾಗಿ ನುಡಿಸುವ ಭಾಗ) ಕೂಡ ಅವರದೇ. ರೆಕಾರ್ಡಿನ ಹಿಂಬದಿಯ ಟಿಪ್ಪಣಿಯನ್ನು ಬರೆದವರೂ ಅವರೇ. ತನಗಿಂತ 13 ವರ್ಷ ಕಿರಿಯನಾದ ವಾದಕನ ಚೊಚ್ಚಲ ರೆಕಾರ್ಡಿಗೆ ಹಿರಿಯನೊಬ್ಬ ಇಷ್ಟೆಲ್ಲ ಕೊಟ್ಟೂ ಎಲ್ಲಿಯೂ ಯಜಮಾನಿಕೆ ತೋರದಿರುವುದು ಸಾಮಾನ್ಯ ಸಂಗತಿಯಲ್ಲ.

ಡಾರ್ಹಮ್ ಅವರ ವೃತ್ತಿಜೀವನವೇ ಬಹುಮಟ್ಟಿಗೆ ಇನ್ನೊಬ್ಬರು ಬಿಟ್ಟುಹೋದ ಜಾಗದಲ್ಲಿ ನಿಲ್ಲುವುದಾಗಿತ್ತು. 1948ರ ಕೊನೆಯಲ್ಲಿ ಅವರು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ತಂಡದಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಸ್ಥಾನಕ್ಕೆ ಬಂದರು. 1956ರಲ್ಲಿ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ತಂಡದ ಟ್ರಂಪೆಟ್ ಇವರ ಪಾಲಿಗೆ ಬಂತು. ಅಂಥ ಹೆಸರುಗಳ ನೆರಳಿನಲ್ಲಿ ನುಡಿಸಿಯೂ ತನ್ನ ಮೆದುವಾದ, ಮಾತನಾಡಿದಂಥ ನಾದವನ್ನು ಬಿಟ್ಟುಕೊಡದ ವಾದಕನಿಗೆ ಸಹವಾದನವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೆಂಡರ್ಸನ್ ಅವರದು ಇನ್ನೊಂದು ಬಗೆ. ಸ್ವಂತ ರೆಕಾರ್ಡುಗಳಲ್ಲಿ ಅವರು ರಚನೆಕಾರರಾಗಿಯೂ ಯೋಚಿಸುತ್ತಿರುತ್ತಾರೆ. ಪರರ ರೆಕಾರ್ಡುಗಳಲ್ಲಿ ಆ ಹೊಣೆ ಇಲ್ಲದ್ದರಿಂದಲೋ ಏನೋ, ಅವರ ಸ್ಯಾಕ್ಸೊಫೋನಿಗೆ ಹೆಚ್ಚಿನ ಧೈರ್ಯ ಬರುತ್ತದೆ. ಆರ್ಗನ್ ವಾದಕ ಲ್ಯಾರಿ ಯಂಗ್ ಅವರ ‘ಯೂನಿಟಿ’ ಇದಕ್ಕೆ ಸಾಕ್ಷಿ. ಹೊರೇಸ್ ಸಿಲ್ವರ್ ಅವರ ‘ಸಾಂಗ್ ಫಾರ್ ಮೈ ಫಾದರ್’ ಶೀರ್ಷಿಕೆಯ ರಚನೆಯಲ್ಲಂತೂ ಸಂಬಂಧವೇ ತಲೆಕೆಳಗಾಗುತ್ತದೆ: ನಾಯಕ ಸಿಲ್ವರ್ ತಮ್ಮ ಪಿಯಾನೊ ಸೋಲೊವನ್ನು ಮೊದಲೇ ಮುಗಿಸಿ, ಅನಂತರದ ಸೋಲೊವನ್ನು ಹೆಂಡರ್ಸನ್ ಅವರಿಗೆ ಬಿಟ್ಟುಕೊಟ್ಟು, ಅವರ ಹಿಂದೆ ಕುಳಿತು ಚುಚ್ಚಿ ಚುಚ್ಚಿ ಮುಂದಕ್ಕೆ ದೂಡುತ್ತಾರೆ. ಆ ಕೆಲವು ನಿಮಿಷಗಳ ಮಟ್ಟಿಗೆ ಸಹವಾದಕ ಯಾರು ಎಂದು ಕೇಳಿದರೆ ಉತ್ತರ ಸಿಲ್ವರ್ ಎಂದೇ.

ಮುಖಪುಟಗಳು ಈ ಕೊಡುಕೊಳ್ಳುವಿಕೆಯನ್ನು ತಿಳಿಸುವುದಿಲ್ಲ, ಕೆಲವೊಮ್ಮೆ ಮರೆಮಾಚುತ್ತವೆ ಕೂಡ. ‘ಪೇಜ್ ಒನ್’ನಲ್ಲಿ ಪಿಯಾನೊ ನುಡಿಸಿದ ಮೆಕಾಯ್ ಟೈನರ್ ಆಗ ಇಂಪಲ್ಸ್ ಎಂಬ ಬೇರೊಂದು ರೆಕಾರ್ಡ್ ಸಂಸ್ಥೆಯೊಂದಿಗೆ ಒಪ್ಪಂದದಲ್ಲಿದ್ದುದರಿಂದ, ಮುಖಪುಟದಲ್ಲಿ ಉಳಿದ ವಾದಕರ ಹೆಸರುಗಳ ಕೊನೆಗೆ ಅವರ ಹೆಸರಿನ ಬದಲು ‘ಇತ್ಯಾದಿ’ ಎಂದಷ್ಟೇ ಅಚ್ಚಾಯಿತು. ಜಾಝ್‌ನ ಮಹಾನ್ ಪಿಯಾನೊ ವಾದಕರಲ್ಲೊಬ್ಬರು ‘ಇತ್ಯಾದಿ’ಯಾಗಿಬಿಟ್ಟದ್ದು ನೆನಪಾದಾಗಲೆಲ್ಲ ನನಗೆ ನಗು ಬರುತ್ತದೆ.

ಡಾರ್ಹಮ್ ಮತ್ತು ಹೆಂಡರ್ಸನ್ ಮುಂದೆಯೂ ಜೊತೆಗೂಡಿದರು. ‘ಅವರ್ ಥಿಂಗ್’ ಮತ್ತು ‘ಇನ್ ಆ್ಯಂಡ್ ಔಟ್’ ಹೆಂಡರ್ಸನ್ ಹೆಸರಿನಲ್ಲಿ ಬಂದರೆ, 1964ರ ಸೆಪ್ಟೆಂಬರಿನ ‘ಟ್ರೊಂಪೆಟಾ ಟೊಕ್ಕಾಟಾ’ ಡಾರ್ಹಮ್ ಹೆಸರಿನಲ್ಲಿ ಬಂತು. ನಡುವೆ 1964ರ ಮಾರ್ಚ್‌ನಲ್ಲಿ ಪಿಯಾನೊ ವಾದಕ ಆ್ಯಂಡ್ರ್ಯೂ ಹಿಲ್ ಅವರ ‘ಪಾಯಿಂಟ್ ಆಫ್ ಡಿಪಾರ್ಚರ್’ನಲ್ಲಿ ಇಬ್ಬರೂ ಸಹವಾದಕರೇ. ಈ ಕ್ಲಿಷ್ಟ ಸಂಗೀತದಲ್ಲಿ, ಎರಿಕ್ ಡಾಲ್ಫಿಯಂಥ ಉಗ್ರ ವಾದಕನ ಪಕ್ಕದಲ್ಲಿ, ಹಳೆಯ ಬೀಬಾಪ್ (1940ರ ದಶಕದ ಜಾಝ್ ಶೈಲಿ) ಪೀಳಿಗೆಯ ಡಾರ್ಹಮ್ ಗಾಬರಿಗೊಳ್ಳದೆ ತಮ್ಮದೇ ಸಾವಧಾನದಲ್ಲಿ ನುಡಿಸುವುದನ್ನು ಕೇಳಬೇಕು. ಈ ಇಬ್ಬರನ್ನು ಹೊಸದಾಗಿ ಕೇಳುವವರಿಗೆ ನಾನು ಸೂಚಿಸುವ ಕ್ರಮ ಇದು: ಮೊದಲು ‘ಊನಾ ಮಾಸ್’, ಆಮೇಲೆ ‘ಪೇಜ್ ಒನ್’, ಕಿವಿ ಪಳಗಿದ ಮೇಲೆ ಹಿಲ್ ಅವರ ಈ ರೆಕಾರ್ಡು.