ಈಯಮ್ಮ ಯಾರು ಅಂತ ಕೇಳಿದ

"ಅವನ ಹಾಡನ್ನ ಈಯಮ್ಮ ಯಾಕೆ ಹಾಡ್ತಿದಾಳೆ ಚಿಕ್ಕಮ್ಮಾ?"

ಮೊನ್ನೆ ಅಮೆರಿಕದ ಸಂಗೀತ ಪ್ರಶಸ್ತಿ ಸಮಾರಂಭ ಗ್ರ್ಯಾಮಿಯ 2024ರ ವಿಡಿಯೋ ಹಾಕಿದ್ದೆ. ಅದರಲ್ಲಿ ಗಾಯಕಿ ಟ್ರೇಸಿ ಚಾಪ್‌ಮನ್ ಮತ್ತು ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಧಾಟಿಯ ಸಂಗೀತ) ಗಾಯಕ ಲೂಕ್ ಕೂಂಬ್ಸ್ ಸೇರಿ 'ಫಾಸ್ಟ್ ಕಾರ್' ಹಾಡುತ್ತಾರೆ. ಅಕ್ಕನ ಮಗ ಕೇಳಿದ ಈ ಮಾತು ಇನ್ನೂ ಕೊರೀತಿದೆ. ತಪ್ಪು ಅವನದಲ್ಲ. 'ಫಾಸ್ಟ್ ಕಾರ್' ಅವನ ಕಿವಿಗೆ ಬಿದ್ದಿದ್ದೇ ಲೂಕ್ ಕೂಂಬ್ಸ್ ದನಿಯಲ್ಲಿ.

ಟ್ರೇಸಿ ಚಾಪ್‌ಮನ್ ಅದನ್ನು ತಾನೇ ಬರೆದು ಹಾಡಿದ್ದು 1988ರಲ್ಲಿ. ಆ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಕಾರ್ಯಕ್ರಮವಿತ್ತು. ಖ್ಯಾತ ಗಾಯಕ ಸ್ಟೀವಿ ವಂಡರ್ ಅವರ ವಾದ್ಯದ ಹಾರ್ಡ್ ಡಿಸ್ಕ್ ಕಾಣೆಯಾಗಿ, ಅವರು ಆ ಹೊತ್ತಿಗೆ ವೇದಿಕೆ ಏರಲಿಲ್ಲ. ಹೊತ್ತು ತುಂಬಿಸಲು ಈಕೆಯನ್ನು ಮತ್ತೆ ವೇದಿಕೆಗೆ ಕಳಿಸಿದರು. ಅಷ್ಟು ದೊಡ್ಡ ಸ್ಟೇಡಿಯಂ, ಒಂದೇ ಗಿಟಾರ್, ಒಬ್ಬಳೇ ಹುಡುಗಿ. ಆಮೇಲೆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 6ನೇ ಸ್ಥಾನಕ್ಕೇರಿತು.

2023ರಲ್ಲಿ ಕೂಂಬ್ಸ್ ಹಾಡಿದ್ದು ಅದೇ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯಿತು. ರೇಡಿಯೋದಲ್ಲಿ ಬರುವ ಕಂಟ್ರಿ ಹಾಡುಗಳ ಪಟ್ಟಿ ಕಂಟ್ರಿ ಏರ್‌ಪ್ಲೇನಲ್ಲಂತೂ ನಂಬರ್ 1. ಒಬ್ಬಳೇ ಬರೆದ ಹಾಡಿನಿಂದ ಆ ಪಟ್ಟಿಯ ತುದಿ ಮುಟ್ಟಿದ ಮೊದಲ ಕಪ್ಪು ಮಹಿಳೆ ಚಾಪ್‌ಮನ್. ಅದಕ್ಕೆ 35 ವರ್ಷ ಬೇಕಾಯಿತು, ಅದೂ ಒಬ್ಬ ಬಿಳಿ ಗಂಡಸು ಹಾಡಿದ ಮೇಲೆ! ಕಂಟ್ರಿ ರೇಡಿಯೋಗಳಲ್ಲಿ ಕಪ್ಪು ಹೆಣ್ಣುಮಕ್ಕಳ ದನಿ ಕೇಳುವುದೇ ಅಪರೂಪ. ನನಗೆ ಸಿಟ್ಟು ಬರುವುದು ಅದಕ್ಕೆ.

ಕೂಂಬ್ಸ್ ಮೇಲೆ ಮಾತ್ರ ಸಿಟ್ಟಿಲ್ಲ. ಅವನು ಚಿಕ್ಕಂದಿನಲ್ಲಿ ಅಪ್ಪನ ಟ್ರಕ್ಕಿನಲ್ಲಿ ಕೇಳಿ ಮೆಚ್ಚಿದ ಹಾಡದು. ಹಾಡಿನಲ್ಲಿ 'ನಾನು ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿ' ಎನ್ನುವ ಸಾಲಿದೆ; ಗಂಡಸಾದರೂ ಅದನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳಲಿಲ್ಲ, ಇದ್ದ ಹಾಗೇ ಹಾಡಿದ. ದೊಡ್ಡ ಗುಣ ಅಲ್ವಾ?

ಆ ವಿಡಿಯೋ ಮತ್ತೆ ಮತ್ತೆ ನೋಡಿದೆ. ಮೊದಲು ಕಾಣುವುದು ತಂತಿಯ ಮೇಲಿನ ಬೆರಳು. ಆಮೇಲೆ ಆಕೆಯ ಮುಖ. ನರೆತ ಕೂದಲು, ತುಂಬು ನಗು. ಜನ ಕೂಗುತ್ತಾರೆ. ಆಕೆ ಹಾಡುವಾಗ ಕೂಂಬ್ಸ್ ಪಕ್ಕದಲ್ಲಿ ನಿಂತು ಸುಮ್ನೆ ತುಟಿ ಆಡಿಸುತ್ತಾನೆ. ಕಣ್ಣೆಲ್ಲ ಆಕೆಯ ಮೇಲೇ. ಕೊನೆಗೆ ಆಕೆಗೆ ತಲೆಬಾಗುತ್ತಾನೆ.

ನಮ್ಮ ಸುಗಮ ಸಂಗೀತದಲ್ಲಿ ಕವಿಯ ಹೆಸರು ಹೇಳಿಯೇ ಹಾಡು ಶುರು ಮಾಡುತ್ತಾರೆ. ಫೋನಿನಲ್ಲಿ ಹಾಡು ಹಾಕಿದರೆ ಹಾಡಿದವರ ಹೆಸರಷ್ಟೇ ಎದ್ದು ಕಾಣುತ್ತದೆ. ಬರೆದವರು ಎಲ್ಲೋ ಒಳಗೆ, ಹುಡುಕಿದರೆ ಉಂಟು. ಮಕ್ಕಳು ಹೇಗೆ ತಿಳಿಯಬೇಕು?

ಆ ಗ್ರ್ಯಾಮಿ ಆದಮೇಲೆ ಹಾಡು ಕೊಳ್ಳುವ ತಾಣ ಐಟ್ಯೂನ್ಸ್‌ನಲ್ಲಿ ನಂಬರ್ 1 ಆಗಿದ್ದು ಚಾಪ್‌ಮನ್ ಹಾಡಿದ 1988ರ 'ಫಾಸ್ಟ್ ಕಾರ್'. ಹುಡುಗನಿಗೂ ಅದನ್ನೇ ಹಾಕಿ ಕೇಳಿಸಿದೆ.