ಪುದೀನ ಸಿರಪ್ಪಿನ ಹಸಿರು ಬಣ್ಣದ ಹಿಂದೆ ಬಿದ್ದು: ಏಳು ಬಾಟಲಿಗಳ ಲೆಕ್ಕ

ತಣ್ಣನೆಯ ಟೀಗೆ ಸಕ್ಕರೆ ಹಾಕಿ ಎಷ್ಟು ಕದಡಿದರೂ ತಳದಲ್ಲಿ ಮರಳಿನ ಹಾಗೆ ಕೂತೇ ಇರುತ್ತಲ್ಲ, ಇದೆಲ್ಲ ಶುರುವಾಗಿದ್ದು ಅಲ್ಲಿಂದ. ಸಕ್ಕರೆಯನ್ನು ಮೊದಲೇ ನೀರಲ್ಲಿ ಕರಗಿಸಿ ಬಾಟಲಿಗೆ ತುಂಬಿಟ್ಟುಕೊಂಡರೆ ಆ ರಗಳೆ ಇಲ್ಲ. ಹೇಗೂ ನೀರು ಬಿಸಿ ಮಾಡುತ್ತೀನಿ, ಜೊತೆಗೆ ಒಂದು ಹಿಡಿ ಪುದೀನ ಹಾಕಿದರೆ ಆಯ್ತಲ್ಲ ಅಂದುಕೊಂಡೆ. ಆ 'ಆಯ್ತಲ್ಲ' ಈಗ ಏಳನೇ ಬಾಟಲಿಗೆ ಬಂದು ನಿಂತಿದೆ. ಯಾವ ಬಾಟಲಿಯಲ್ಲಿ ಏನು ಮಾಡಿದ್ದೆ ಅನ್ನೋದೇ ಮರೆತುಹೋಗುತ್ತಿದೆ, ಅದಕ್ಕೆ ಬರೆದಿಡುತ್ತಿದ್ದೇನೆ.

ಬಾಟಲಿ 1

ಒಂದು ಕಪ್ ಸಕ್ಕರೆ, ಒಂದು ಕಪ್ ನೀರು, ಪುದೀನ, ಎಲ್ಲ ಒಟ್ಟಿಗೆ ಪಾತ್ರೆಗೆ ಸುರಿದು ಮುಚ್ಚಳ ಇಲ್ಲದೆ ಹದಿನೈದು ನಿಮಿಷ ಕುದಿಸಿದೆ. ಅಡುಗೆಮನೆ ತುಂಬಾ ಎಂಥಾ ಘಮ! ಖುಷಿಯಿಂದ ಓಡಾಡಿಕೊಂಡಿದ್ದೆ. ಸೋಸಿ ರುಚಿ ನೋಡಿದಾಗ ಹೊಳೆಯಿತು, ಘಮ ಎಲ್ಲ ಮನೆಯಲ್ಲಿದ್ದರೆ ಬಾಟಲಿಯಲ್ಲಿ ಇನ್ನೇನು ಉಳಿದಿರುತ್ತೆ? ಪುದೀನದ ಪರಿಮಳ ಅಂದರೆ ಬೇಗ ಆವಿಯಾಗುವ ಎಣ್ಣೆ. ಅದನ್ನು ನಾನೇ ಹಬೆಯ ಜೊತೆ ಕಳಿಸಿಕೊಟ್ಟಿದ್ದೆ. ಉಳಿದದ್ದು ಬೆಂದ ಸೊಪ್ಪಿನ ವಾಸನೆ, ಕಂದು ಬಣ್ಣ. ನೀರೂ ಆವಿಯಾಗಿ ಹೋಗಿದ್ದರಿಂದ ಅದು ಸಿರಪ್ ಅಲ್ಲ, ಒಂದೆಳೆ ಪಾಕ ಆಗಿತ್ತು. ಫ್ರಿಜ್ಜಿನಲ್ಲಿ ಜೇನಿನ ಹಾಗೆ ಗಟ್ಟಿಯಾಗಿ, ಬಾಟಲಿ ತಲೆಕೆಳಗೆ ಮಾಡಿದರೂ ಇಳಿಯಲಿಲ್ಲ.

ಬಾಟಲಿ 2

ಈ ಸಲ ತಕ್ಕಡಿ ಹೊರಗೆ ತೆಗೆದೆ. ಕಪ್ಪಿನ ಅಳತೆ ಮೋಸ ಮಾಡುತ್ತದೆ. ಒಂದು ಕಪ್ ಸಕ್ಕರೆ ಸುಮಾರು 200 ಗ್ರಾಂ ಇದ್ದರೆ ಅದೇ ಕಪ್ಪಿನಲ್ಲಿ ನೀರು ಸುಮಾರು 240 ಗ್ರಾಂ. ಅಂದರೆ ಸಮ ಸಮ ಅಂತ ನಾವು ಅಂದುಕೊಂಡಿದ್ದು ಸಮ ಅಲ್ಲವೇ ಅಲ್ಲ. ತೂಕದಲ್ಲಿ 200 ಗ್ರಾಂ ಸಕ್ಕರೆ, 200 ಗ್ರಾಂ ನೀರು ತೆಗೆದುಕೊಂಡರೆ ಸಿಗುವ ಸಿರಪ್ ಸುಮಾರು 325 ಮಿಲಿ. ಅದರಲ್ಲಿ ಸರಿಯಾಗಿ ಅರ್ಧ ತೂಕ ಸಕ್ಕರೆ. ಇನ್ನು ಮುಂದೆ ಎಲ್ಲಾ ಬಾಟಲಿಗೂ ಇದೇ ಲೆಕ್ಕ, ಬೇರೆ ಇದ್ದರೆ ಹೇಳುತ್ತೇನೆ.

ಸಕ್ಕರೆ ಕರಗಲು ಕುದಿ ಬರಲೇಬೇಕು ಅಂತೇನಿಲ್ಲ. ನೀರು ಬಿಸಿಯಾಗಿ ಸಕ್ಕರೆ ಕಾಳು ಕಾಣದ ಹಾಗಾದ ತಕ್ಷಣ ಸ್ಟವ್ ಆರಿಸಿ, 20 ಗ್ರಾಂ ಪುದೀನ ಎಲೆ ಮುಳುಗಿಸಿ, ತಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟೆ. ಮುಚ್ಚಳದ ಒಳಗೆ ಕೂತ ಹನಿಗಳನ್ನೂ ವಾಪಸ್ ಪಾತ್ರೆಗೇ ಒದರಿದೆ, ಅದರಲ್ಲೂ ಘಮ ಇರುತ್ತೆ ಅಲ್ವಾ. ರುಚಿ ಚೆನ್ನಾಗಿ ಬಂತು. ಬಣ್ಣ ಮಾತ್ರ ಮತ್ತೆ ಕಂದು.

ಬಾಟಲಿ 3

ಹೆಚ್ಚು ಹೇಳುವಂಥದ್ದೇನಿಲ್ಲ. ಹೆಚ್ಚಿದ ಸೇಬಿಗೆ ನಿಂಬೆರಸ ಹಚ್ಚಿದರೆ ಕಪ್ಪಾಗಲ್ಲ, ಹಾಗಾದರೆ ಪುದೀನಕ್ಕೂ ಅದೇ ಮಾಡೋಣ ಅಂತ ಒಂದು ಚಮಚ ನಿಂಬೆರಸ ಹಿಂಡಿದೆ. ಇನ್ನೂ ಕೆಟ್ಟಿತು! ಹಿಂಡುತ್ತಿದ್ದ ಹಾಗೆ ಎಲೆಯ ಬಣ್ಣ ಇಳಿದು ಉಪ್ಪಿನಕಾಯಿಯ ಹಸಿರಾಯಿತು.

ಇಲ್ಲಿ ಎರಡು ಬೇರೆ ಬೇರೆ ಕಾರಣಗಳನ್ನು ನಾನು ಒಂದೇ ಅಂದುಕೊಂಡಿದ್ದೆ. ಎಲೆ ಜಜ್ಜಿದಾಗ, ಬಾಡಿದಾಗ ಕಪ್ಪಾಗುವುದು ಒಳಗಿನ ಒಂದು ಕಿಣ್ವದಿಂದ. ಸೇಬು, ಬಾಳೆಹಣ್ಣು ಕಪ್ಪಾಗುವುದೂ ಅದರಿಂದಲೇ. ಹುಳಿ ಅದನ್ನು ತಡೆಯುತ್ತೆ, ನಿಜ. ಆದರೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ಲಿನ ನಡುವೆ ಮೆಗ್ನೀಸಿಯಮ್ ಇರುತ್ತೆ. ಬಿಸಿ ಮತ್ತು ಹುಳಿ ಎರಡೂ ಸೇರಿದರೆ ಅದು ಕಳಚಿಕೊಂಡು ಬಣ್ಣ ಮಾಸಿದ ಆಲಿವ್ ಹಸಿರಿಗೆ ತಿರುಗುತ್ತದೆ. ಅಂದರೆ ಒಂದನ್ನು ತಡೆಯಲು ಹೋಗಿ ಇನ್ನೊಂದನ್ನು ಜೋರು ಮಾಡಿಕೊಂಡೆ. ನಿಂಬೆ ಬೇಕಿದ್ದರೆ ಲೋಟಕ್ಕೆ ಹಿಂಡಿಕೊಳ್ಳಿ, ಬಾಟಲಿಗೆ ಬೇಡ.

ಬಾಟಲಿ 4

ಗೆದ್ದೆ ಅಂತ ಅನ್ನಿಸಿದ ಬಾಟಲಿ ಇದು, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಸಿರಪ್ಪನ್ನು ಬೇರೆಯಾಗಿ ಮಾಡಿ ಫ್ರಿಜ್ಜಿನಲ್ಲಿಟ್ಟು ಪೂರ್ತಿ ತಣ್ಣಗಾಗಿಸಿದೆ. ಒಂದು ಕಡೆ ಕುದಿಯುವ ನೀರು, ಪಕ್ಕದಲ್ಲೇ ಐಸ್ ಹಾಕಿದ ನೀರಿನ ಬಟ್ಟಲು. 30 ಗ್ರಾಂ ಎಲೆ, ಕಡ್ಡಿ ಇಲ್ಲ, ಬರೀ ಎಲೆ. ಕುದಿಯುವ ನೀರಿಗೆ ಹಾಕಿದ ಕೂಡಲೇ ಮಂಕಾಗಿದ್ದ ಎಲೆ ಒಮ್ಮೆಲೇ ಗಿಳಿಹಸಿರಿಗೆ ತಿರುಗುತ್ತದೆ, ಅದನ್ನು ನೋಡುತ್ತಾ ನಿಂತರೆ ಕೆಟ್ಟಿರಿ. ಹದಿನೈದು ಎಣಿಸುವಷ್ಟರಲ್ಲಿ ಜಾಲರಿ ಸೌಟಿನಿಂದ ಎತ್ತಿ ಐಸ್ ನೀರಿಗೆ ಹಾಕಬೇಕು. ಆ ಹದಿನೈದು ಸೆಕೆಂಡಿನ ಬಿಸಿ ಕಿಣ್ವವನ್ನು ಸಾಯಿಸಲು ಸಾಕು, ಹಸಿರನ್ನು ಕೆಡಿಸಲು ಸಾಲದು. ಎರಡು ನಿಮಿಷ ಬಿಟ್ಟು ಎಲೆಯನ್ನು ಮುಷ್ಟಿಯಲ್ಲಿ ಹಿಂಡಿದೆ. ನೀರು ಉಳಿದರೆ ಸಿರಪ್ ತೆಳ್ಳಗಾಗುತ್ತೆ. 30 ಗ್ರಾಂ ಇದ್ದದ್ದು ನಿಂಬೆಕಾಯಿ ಗಾತ್ರದ ಒಂದು ಉಂಡೆ ಅಷ್ಟೇ.

ಆ ಉಂಡೆಯನ್ನು ತಣ್ಣನೆಯ ಸಿರಪ್ಪಿನ ಜೊತೆ ಮಿಕ್ಸಿಗೆ ಹಾಕಿ ಅರ್ಧ ನಿಮಿಷ. ಜಾಸ್ತಿ ತಿರುಗಿಸಿದರೆ ಜಾರೇ ಬಿಸಿಯಾಗುತ್ತದೆ. ಆಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿದೆ, ಹಿಂಡದೆ, ತಾನಾಗಿ ಇಳಿಯಲು ಬಿಟ್ಟು. ಹಿಂಡಿದರೆ ನುಣ್ಣನೆಯ ಚೂರುಗಳೆಲ್ಲ ಇಳಿದು ಕದಡಿಕೊಳ್ಳುತ್ತೆ, ಒಗರೂ ಬರುತ್ತೆ. ಅರ್ಧ ಗಂಟೆ ಹಿಡಿಯಿತು. ಆದರೆ ಕೆಳಗಿನ ಗಾಜಿನ ಬಟ್ಟಲಲ್ಲಿ ಹನಿಹನಿಯಾಗಿ ಬೀಳುತ್ತಿದ್ದ ಆ ಬಣ್ಣ ನೋಡಿ ತಂಗಿ, "ಇದಕ್ಕೆ ಬಣ್ಣ ಹಾಕಿದ್ದೀಯಾ ತಾನೆ?" ಅಂತ ಕೇಳಿದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ.

ಎಷ್ಟು ದಿನ ಉಳಿಯಿತು? ಮೊದಲ ಆರು ದಿನ ಹಸಿರು, ಎಂಟನೇ ದಿನಕ್ಕೆ ಮಂಕು, ಹತ್ತನೇ ದಿನಕ್ಕೆ ಆಲಿವ್. ರುಚಿ ಅಷ್ಟಾಗಿ ಕೆಟ್ಟಿರಲಿಲ್ಲ. ಅರ್ಧ ಭಾಗವನ್ನು ಐಸ್ ಟ್ರೇಗೆ ಸುರಿದು ಫ್ರೀಜರಿನಲ್ಲಿಟ್ಟಿದ್ದೆ, ಅದು ಮೂರು ವಾರ ಆದಮೇಲೂ ಹಸಿರಾಗೇ ಇತ್ತು. ಸಕ್ಕರೆ ಇಷ್ಟಿರುವುದರಿಂದ ಕಲ್ಲಿನ ಹಾಗೆ ಹೆಪ್ಪುಗಟ್ಟಲ್ಲ. ಅಂಟಂಟಾಗಿ ಚಮಚಕ್ಕೆ ಬರುತ್ತೆ, ಸೋಡಾಗೆ ಒಂದು ತುಂಡು ಹಾಕಿದರೆ ತಾನೇ ಕರಗುತ್ತೆ.

ಬಾಟಲಿ 2ಕ್ಕೆ ಶ್ರದ್ಧಾಂಜಲಿ

ನಾಲ್ಕನೇ ವಾರ ಬಾಟಲಿ 2ರ ಕತ್ತಿನ ಹತ್ತಿರ ಬಿಳಿ ನೂಲಿನಂಥದ್ದು ಕಂಡಿತು. ಬೂಷ್ಟು. ಮೇಲಿನದನ್ನು ತೆಗೆದು ಬಳಸೋಣ ಅಂತ ಒಂದು ಕ್ಷಣ ಅನ್ನಿಸಿತು, ಸುಳ್ಳು ಹೇಳಲ್ಲ. ಆದರೆ ಪೂರ್ತಿ ಚೆಲ್ಲಿದೆ. ಅರ್ಧಕ್ಕರ್ಧ ನೀರಿರುವ ಸಿರಪ್ಪಿನಲ್ಲಿ ಬೂಷ್ಟು ಬೆಳೆಯಲು ಬೇಕಾದಷ್ಟು ನೀರು ಸಿಗುತ್ತೆ, ಎಲೆಯ ಚೂರು ಉಳಿದಿದ್ದರಂತೂ ಇನ್ನೂ ಬೇಗ. ಈಗ ಗಾಜಿನ ಬಾಟಲಿಯನ್ನು ಹತ್ತು ನಿಮಿಷ ನೀರಲ್ಲಿ ಕುದಿಸಿ ಒಣಗಿಸಿಯೇ ತುಂಬುತ್ತೇನೆ, ಮೇಲೆ ತಾರೀಕು ಬರೆದ ಚೀಟಿ ಅಂಟಿಸುತ್ತೇನೆ. ಎರಡು ವಾರ ದಾಟಿದರೆ ಉಳಿದದ್ದು ಫ್ರೀಜರಿಗೆ.

ಬಾಟಲಿ 5

ರೋಸ್‌ಮೇರಿ. ಪುದೀನದಲ್ಲಿ ಕಲಿತದ್ದೆಲ್ಲ ಇಲ್ಲಿ ಉಲ್ಟಾ. ಇದರ ಎಲೆ ದಪ್ಪ, ಸೂಜಿಯ ಹಾಗೆ ಗಟ್ಟಿ, ತಣ್ಣನೆಯ ಸಿರಪ್ಪಿಗೆ ಹಾಕಿದರೆ ಬೇಗ ಏನೂ ಬಿಡಲ್ಲ, ಬಿಸಿ ಬೇಕೇ ಬೇಕು. ಬೆರಳುದ್ದದ ಎರಡು ಕಡ್ಡಿ ಬಿಸಿ ಸಿರಪ್ಪಿಗೆ ಹಾಕಿ ಮುಚ್ಚಿಟ್ಟೆ. ಇಪ್ಪತ್ತು ನಿಮಿಷಕ್ಕೆ ರುಚಿ ಸೊಗಸಾಗಿತ್ತು. ಅರ್ಧ ಮಾತ್ರ ಬಾಟಲಿಗೆ ಹಾಕಿ, ಇನ್ನರ್ಧವನ್ನು 'ಇನ್ನೊಂಚೂರು ಇರಲಿ' ಅಂತ ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಅದು ನೆಗಡಿಗೆ ಎದೆಗೆ ಹಚ್ಚುವ ಮುಲಾಮಿನ ರುಚಿಯಾಗಿತ್ತು, ನಾಲಿಗೆ ಹಿಂದೆ ಕಹಿ ಬೇರೆ. ಆಶ್ಚರ್ಯ ಏನಿಲ್ಲ, ರೋಸ್‌ಮೇರಿಯಲ್ಲೂ ಕರ್ಪೂರದ ಅಂಶ ಇದೆ, ಆ ಮುಲಾಮಿನಲ್ಲೂ ಇದೆ.

ಆ ದಿನದಿಂದ ಐದು ನಿಮಿಷಕ್ಕೊಮ್ಮೆ ರುಚಿ ನೋಡುತ್ತೇನೆ, ಅದೂ ನೇರವಾಗಿ ಅಲ್ಲ. ಬಿಸಿ ಸಿರಪ್ ನೆಕ್ಕಿದರೆ ಬರೀ ಸಿಹಿಯೇ ಗೊತ್ತಾಗುವುದು. ಒಂದು ಚಮಚ ಸಿರಪ್ಪಿಗೆ ನಾಲ್ಕು ಚಮಚ ತಣ್ಣೀರು ಬೆರೆಸಿ ಕುಡಿದರೆ ಲೋಟದಲ್ಲಿ ಹೇಗಿರುತ್ತೋ ಹಾಗೇ ಗೊತ್ತಾಗುತ್ತೆ. ಥೈಮ್ ಕೂಡ ಇದೇ ಜಾತಿ. ಒಣಗಿದ ಎಲೆಯಾದರೆ ಹಸಿಯದರ ಮೂರನೇ ಒಂದು ಭಾಗ ಸಾಕು. ಲ್ಯಾವೆಂಡರ್ ಒಂದು ಸಲ ಮಾಡಿದೆ, ಸೋಪು ತಿಂದ ಹಾಗಾಯಿತು, ಮತ್ತೆ ಆ ಕಡೆ ಹೋಗಿಲ್ಲ. ಮಾಡುವವರು ಹೂಗುಚ್ಛಕ್ಕೆ ಅಂತ ಮಾರುವ ಹೂವು ತರಬೇಡಿ, ಅದು ತಿನ್ನಲು ಬೆಳೆಸಿದ್ದಲ್ಲ, ಔಷಧಿ ಹೊಡೆದಿರಬಹುದು.

ಸಿಹಿತಿಂಡಿಗೆ ಬಳಸಿದ್ದು ಇಲ್ಲೇ ಮೊದಲು. ನಿಂಬೆ ಕೇಕ್ ಒಲೆಯಿಂದ ಇಳಿಸಿ, ಇನ್ನೂ ಬಿಸಿ ಇರುವಾಗಲೇ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಬ್ರಷ್ಷಿನಿಂದ ರೋಸ್‌ಮೇರಿ ಸಿರಪ್ ಹಚ್ಚಿದೆ. ಮೂರು ಸಲ ಹಚ್ಚಿದರೂ ಕುಡಿದುಬಿಡುತ್ತೆ. ಮಾರನೇ ದಿನ ತಿಂದರೆ ಇನ್ನೂ ಚೆನ್ನ. ಪುದೀನದ್ದು ಹಣ್ಣಿನ ಬಟ್ಟಲಿಗೆ ಸರಿ. ಕಾಫಿಗೆ ಹಾಕಬೇಡಿ, ಹಾಕಿದವನಾಗಿ ಹೇಳುತ್ತಿದ್ದೇನೆ.

ಬಾಟಲಿ 6

ಜಾಸ್ತಿ ದಿನ ಇಡಲು ಎರಡಕ್ಕೊಂದು ಮಾಡಿ ನೋಡಿದೆ, 400 ಗ್ರಾಂ ಸಕ್ಕರೆಗೆ 200 ಗ್ರಾಂ ನೀರು. ಲೋಟಕ್ಕೆ ಕಡಿಮೆ ಹಾಕಿದರೆ ಸಾಕು, ಬೂಷ್ಟೂ ಅಷ್ಟು ಬೇಗ ಬರಲ್ಲ. ಆದರೆ ವಾರ ಕಳೆದಾಗ ತಳದಲ್ಲಿ ಕಲ್ಲುಸಕ್ಕರೆ ಕೂತಿತ್ತು! 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಕರಗುವುದೇ ಸುಮಾರು 200 ಗ್ರಾಂ ಸಕ್ಕರೆ, ಅಂದರೆ ನಾನು ಅಂಚಿನಲ್ಲೇ ನಿಂತಿದ್ದೆ, ಫ್ರಿಜ್ಜಿನ ತಂಪು ತಳ್ಳಿತು. ಬಾಟಲಿಯನ್ನು ಬಿಸಿನೀರಲ್ಲಿ ನಿಲ್ಲಿಸಿದಾಗ ಕರಗಿತು. ಈಗ ಒಂದೂವರೆಗೆ ಒಂದು ಮಾಡುತ್ತೇನೆ, ಇಲ್ಲಿಯವರೆಗೂ ಹರಳು ಕಂಡಿಲ್ಲ.

ಬಾಟಲಿ 7

ಇದು ಕಾಮಕಸ್ತೂರಿ. ಸಿರಪ್ಪಿಗೆ ಅಂತ ಒಲೆ ಹಚ್ಚಲೇ ಇಲ್ಲ. ಎಲೆಗೆ ಸಕ್ಕರೆ ಹಾಕಿ ಕೈಯಿಂದಲೇ ಉಜ್ಜಿದೆ. ಎರಡೇ ನಿಮಿಷಕ್ಕೆ ಸಕ್ಕರೆ ಒದ್ದೆ ಮರಳಿನ ಹಾಗಾಗಿ ಹಸಿರು ಹಿಡಿಯಿತು, ಕೈಯಲ್ಲಿ ಲವಂಗದ ವಾಸನೆ ಸಂಜೆಯವರೆಗೂ ಹೋಗಲಿಲ್ಲ. ಸಕ್ಕರೆ ಎಲೆಯೊಳಗಿನ ನೀರನ್ನು ಹೊರಗೆಳೆಯುತ್ತೆ, ಘಮವೂ ಅದರ ಜೊತೆಗೇ ಬರುತ್ತೆ. ಒಂದು ಗಂಟೆ ಮುಚ್ಚಿಟ್ಟು, ಆಮೇಲೆ ತಣ್ಣೀರು ಹಾಕಿ ಕರಗುವವರೆಗೆ ಬಾಟಲಿ ಕುಲುಕಿದೆ. ಭುಜ ನೋಯುತ್ತೆ, ಅಷ್ಟೇ.

ಎರಡು ಚಿಕ್ಕ ಬಾಟಲಿ ಮಾಡಿದ್ದೇನೆ. ಒಂದರಲ್ಲಿ ಹಸಿ ಎಲೆ, ಇನ್ನೊಂದರಲ್ಲಿ ಹದಿನೈದು ಸೆಕೆಂಡ್ ಕುದಿನೀರಿಗೆ ಹಾಕಿ ತೆಗೆದ ಎಲೆ. ರಾತ್ರಿ 9ಕ್ಕೆ ಫ್ರಿಜ್ಜಿಗಿಟ್ಟೆ. ಬೆಳಿಗ್ಗೆ ಸೋಸಿ, ಬಿಳಿ ಹಾಳೆಯ ಮುಂದೆ ಎರಡನ್ನೂ ನಿಲ್ಲಿಸಿ ಫೋಟೋ ತೆಗೆಯಬೇಕು. ತಂಗಿ ಆಗಲೇ ಸೋಡಾ ತಂದಿಟ್ಟಿದ್ದಾಳೆ.